ಅಂಕಪಟ್ಟಿಯ ಮೇಲೆ ಸಹಿ ಯಾರದು? ಬ್ರೂಕ್ಲಿನ್‌ನ ಪಿ-ಟೆಕ್ ಶಾಲೆಯ ಚರಿತ್ರೆ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಪಿಯು ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದಿರುವ ಮಿತ್ರರೇ,

ಈಗ ಎಂಒಯು, ಅಂದರೆ ಒಡಂಬಡಿಕೆ ಪತ್ರಗಳ ಸೀಸನ್ನು. ಯಾವ ಊರಿಗೆ ಹೋದರೂ ಶಾಲೆಯ ಗೇಟಿಗೆ ಒಂದು ಫ್ಲೆಕ್ಸ್: ‘ಪ್ರತಿಷ್ಠಿತ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ’. ಅದರಲ್ಲಿ ಇಬ್ಬರು ಗಣ್ಯರು ಒಂದೇ ಫೈಲನ್ನು ನಾಲ್ಕು ಕೈಗಳಲ್ಲಿ ಹಿಡಿದುಕೊಂಡು, ಫೈಲನ್ನು ಬಿಟ್ಟು ಕ್ಯಾಮೆರಾ ನೋಡುತ್ತಿರುತ್ತಾರೆ. ಆ ಫೈಲಿನೊಳಗೆ ಏನಿರುತ್ತದೆ, ಏನಿರಬೇಕಿತ್ತು ಅನ್ನುವುದೇ ಇವತ್ತಿನ ವಿಷಯ. ಅದಕ್ಕೆ ನಾನು ಆರಿಸಿಕೊಂಡಿರುವುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2011ರ ಸೆಪ್ಟೆಂಬರಿನಲ್ಲಿ ಶುರುವಾದ ಒಂದು ಸರ್ಕಾರಿ ಪ್ರೌಢಶಾಲೆ. ಪೂರ್ತಿ ಹೆಸರು ‘ಪಾಥ್‌ವೇಸ್ ಇನ್ ಟೆಕ್ನಾಲಜಿ ಅರ್ಲಿ ಕಾಲೇಜ್ ಹೈಸ್ಕೂಲ್’. ಅಷ್ಟುದ್ದ ಯಾರು ಹೇಳುತ್ತಾರೆ, ಎಲ್ಲರ ಬಾಯಲ್ಲೂ ಅದು ಪಿ-ಟೆಕ್.

ಮೂವರು ಸೇರಿ ಕಟ್ಟಿದ್ದು: ನ್ಯೂಯಾರ್ಕ್ ನಗರದ ಶಿಕ್ಷಣ ಇಲಾಖೆ, ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ ಅಂದರೆ ಕ್ಯೂನಿ, ಮತ್ತು ಕಂಪ್ಯೂಟರ್ ಕಂಪನಿ ಐಬಿಎಂ. ವಿಶ್ವವಿದ್ಯಾಲಯದ ಪರವಾಗಿ ದಿನನಿತ್ಯದ ಹೊರೆ ಹೊತ್ತದ್ದು ಅದರದೇ ಕಾಲೇಜಾದ ಸಿಟಿ ಟೆಕ್. ಒಂಬತ್ತನೇ ತರಗತಿಗೆ ಸೇರಿದ ಮಗು ಹನ್ನೆರಡಕ್ಕೆ ನಿಲ್ಲುವುದಿಲ್ಲ, ಹದಿನಾಲ್ಕರವರೆಗೆ ಹೋಗುತ್ತದೆ. ಆರು ವರ್ಷ ಮುಗಿಯುವಾಗ ಕೈಯಲ್ಲಿ ಎರಡು ಕಾಗದ: ಹೈಸ್ಕೂಲ್ ಡಿಪ್ಲೊಮಾ ಒಂದು, ಕಂಪ್ಯೂಟರ್ ಸಿಸ್ಟಮ್ಸ್ ಅಥವಾ ಎಲೆಕ್ಟ್ರೋಮೆಕ್ಯಾನಿಕಲ್ ಎಂಜಿನಿಯರಿಂಗ್ ತಂತ್ರಜ್ಞಾನದಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಇನ್ನೊಂದು. ಶುಲ್ಕವಿಲ್ಲ. ಪ್ರವೇಶ ಪರೀಕ್ಷೆಯಿಲ್ಲ.

ಇಡೀ ಕಥೆಯುದ್ದಕ್ಕೂ ನಾನು ಒಂದೇ ಪ್ರಶ್ನೆ ಕೇಳುತ್ತಾ ಹೋಗುತ್ತೇನೆ, ಬೇಸರವಾದರೂ ಸಹಿಸಿಕೊಳ್ಳಿ: ಮಗುವಿನ ಕಾಲೇಜು ಅಂಕಪಟ್ಟಿಯ ಮೇಲೆ ಸಹಿ ಯಾರದು? ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಸಹಿ ಇದ್ದರೆ ಅದು ಸಹಯೋಗ. ಪ್ರಾಂಶುಪಾಲರ ಸಹಿ, ಪಕ್ಕದಲ್ಲಿ ವಿಶ್ವವಿದ್ಯಾಲಯದ ಲಾಂಛನ ಮಾತ್ರ ಇದ್ದರೆ ಅದು ಫ್ಲೆಕ್ಸ್.

ಪಿ-ಟೆಕ್‌ಗೂ ಮುಂಚಿನ ಮ್ಯಾಗ್ನೆಟ್ ಶಾಲೆಗಳ, ಅಂದರೆ ವಿಶೇಷ ವಿಷಯವೊಂದರಿಂದ ದೂರದ ಮಕ್ಕಳನ್ನೂ ಸೆಳೆಯುವ ಶಾಲೆಗಳ ಹಿನ್ನೆಲೆ ನಿಮಗೆ ಗೊತ್ತಿರುವುದೇ, ಬೇಗ ದಾಟುತ್ತೇನೆ. ಅಮೆರಿಕದಲ್ಲಿ ಕರಿಯರ ಮಕ್ಕಳು, ಬಿಳಿಯರ ಮಕ್ಕಳು ಬೇರೆಬೇರೆ ಶಾಲೆಗಳಲ್ಲಿ ಓದುವುದನ್ನು ತಪ್ಪಿಸಲು ನ್ಯಾಯಾಲಯಗಳು ಬಸ್ಸಿನಲ್ಲಿ ಮಕ್ಕಳನ್ನು ಅತ್ತಿತ್ತ ಕಳಿಸುವ ಆದೇಶ ಹೊರಡಿಸಿದವು, ಬೀದಿಗಳಲ್ಲಿ ಗಲಾಟೆಯಾಯಿತು. ಬಲವಂತವಿಲ್ಲದೆ, ಪೋಷಕರೇ ಇಷ್ಟಪಟ್ಟು ಮಕ್ಕಳನ್ನು ದೂರದ ಶಾಲೆಗೆ ಕಳಿಸುವಂತೆ ಮಾಡಬೇಕಾದರೆ ಆ ಶಾಲೆಯಲ್ಲಿ ಬೇರೆಲ್ಲೂ ಸಿಗದ ಒಂದು ವಿಷಯ ಇರಬೇಕು. ಕಲೆ, ವಿಜ್ಞಾನ, ತಂತ್ರಜ್ಞಾನ, ಯಾವುದಾದರೂ ಸರಿ. 1968ರಲ್ಲಿ ಟಕೋಮಾ ನಗರದ ಮೆಕಾರ್ವರ್ ಶಾಲೆಯನ್ನು ಈ ಜಾತಿಯ ಮೊದಲನೆಯದು ಅನ್ನುತ್ತಾರೆ.

ನಮಗೆ ಮುಖ್ಯವಾದದ್ದು ಬಾಸ್ಟನ್. ಅಲ್ಲಿ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ 1975ರಲ್ಲಿ ಕೊಟ್ಟ ಯೋಜನೆಯಲ್ಲಿ ನಗರದ ಶಾಲೆಗಳಿಗೆ ಸುತ್ತಲಿನ ಕಾಲೇಜು, ವಿಶ್ವವಿದ್ಯಾಲಯಗಳನ್ನು ಜೋಡಿ ಮಾಡಿಬಿಟ್ಟರು. ನಮ್ಮಲ್ಲಿ ಸಾಮೂಹಿಕ ವಿವಾಹದಲ್ಲಿ ಪಟ್ಟಿ ಓದುತ್ತಾರಲ್ಲ, ಹಾಗೆ: ಈ ಹೈಸ್ಕೂಲಿಗೆ ಈ ವಿಶ್ವವಿದ್ಯಾಲಯ, ಆ ಹೈಸ್ಕೂಲಿಗೆ ಆ ಕಾಲೇಜು. ಈಸ್ಟ್ ಬಾಸ್ಟನ್‌ನ ಉಮಾನಾ ಎಂಬ ತಾಂತ್ರಿಕ ಶಾಲೆಯ ಪಾಲಿಗೆ ಬಂದದ್ದು ಸಾಕ್ಷಾತ್ ಎಂಐಟಿ! ಇದಕ್ಕಿಂತ ದೊಡ್ಡ ಹೆಸರು ಯಾರಿಗೆ ಸಿಕ್ಕೀತು? ಆದರೆ ಆ ಜೋಡಿಗಳಲ್ಲಿ ವಿಶ್ವವಿದ್ಯಾಲಯ ಸಲಹೆ ಕೊಡಬಹುದಿತ್ತು, ಕಾರ್ಯಾಗಾರ ನಡೆಸಬಹುದಿತ್ತು. ಶಿಕ್ಷಕರ ನೇಮಕ ಅದರ ಕೈಯಲ್ಲಿರಲಿಲ್ಲ, ಮಕ್ಕಳಿಗೆ ತನ್ನ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಕೊಡುವ ಹೊಣೆಯೂ ಇರಲಿಲ್ಲ. ಉಮಾನಾ ಮುಂದೆ ಮಿಡ್ಲ್ ಸ್ಕೂಲಾಯಿತು. ಅಂಕಪಟ್ಟಿಯ ಮೇಲೆ ಎಂಐಟಿಯ ಸಹಿ ಬರುವ ಪ್ರಶ್ನೆಯೇ ಅಲ್ಲಿರಲಿಲ್ಲ.

ಅದೇ ಹೊತ್ತಿಗೆ, 1974ರಲ್ಲಿ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸವಾಯಿತು. ಕ್ಯೂನಿಯದೇ ಆದ ಲಾಗ್ವಾರ್ಡಿಯಾ ಸಮುದಾಯ ಕಾಲೇಜಿನ ಜಾನೆಟ್ ಲೀಬರ್ಮನ್ ತಮ್ಮ ಕಾಲೇಜಿನ ಆವರಣದೊಳಗೇ ‘ಮಿಡ್ಲ್ ಕಾಲೇಜ್ ಹೈಸ್ಕೂಲ್’ ತೆರೆದರು. ಅಲ್ಲಿಗೆ ಬಂದವರು ಶಾಲೆ ಬಿಡುವ ಅಂಚಿನಲ್ಲಿದ್ದ ಮಕ್ಕಳು. ಜಾಣರನ್ನು ಹೆಕ್ಕಿಕೊಳ್ಳಲಿಲ್ಲ. ಪಿ-ಟೆಕ್‌ನ ನಿಜವಾದ ಅಜ್ಜಿ ಈ ಶಾಲೆ. ಇದನ್ನು ಹೇಳದೆ ಐಬಿಎಂನಿಂದಲೇ ಕಥೆ ಶುರು ಮಾಡುವವರು ಬಹಳ. ಕ್ಯೂನಿಗೆ ಹೈಸ್ಕೂಲ್ ಮಕ್ಕಳಿಗೆ ಕ್ರೆಡಿಟ್ ಕೊಟ್ಟ ಮೂರೂವರೆ ದಶಕದ ಅಭ್ಯಾಸ 2011ಕ್ಕೆ ಮುಂಚೆಯೇ ಇತ್ತು ಅನ್ನುವುದನ್ನು ಗುರುತು ಹಾಕಿಕೊಳ್ಳಿ.

ಈಗ ಕಟ್ಟಡಕ್ಕೆ ಬರೋಣ. ಇದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ಎಳೆಯುತ್ತೇನೆ.

ವಿಳಾಸ 150, ಆಲ್ಬನಿ ಅವೆನ್ಯೂ, ಕ್ರೌನ್ ಹೈಟ್ಸ್. ಹಳೆಯ, ದೊಡ್ಡ ಶಾಲಾ ಕಟ್ಟಡ. ಒಂದು ಕಾಲಕ್ಕೆ ಅಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಹೆಸರಿನ ವೃತ್ತಿಶಿಕ್ಷಣ ಶಾಲೆಯಿತ್ತು. ಅದು ಮುಚ್ಚಿದ ಮೇಲೆ 1980ರ ದಶಕದಲ್ಲಿ ಅಲ್ಲಿಗೆ ಬಂದದ್ದು ‘ಪಾಲ್ ರೋಬ್ಸನ್ ಹೈಸ್ಕೂಲ್ ಫಾರ್ ಬಿಸಿನೆಸ್ ಆ್ಯಂಡ್ ಟೆಕ್ನಾಲಜಿ’. ಗಾಯಕ, ನಟ, ಫುಟ್‌ಬಾಲ್ ಆಟಗಾರ, ಹೋರಾಟಗಾರ ಪಾಲ್ ರೋಬ್ಸನ್ ಹೆಸರು. ‘ಟೆಕ್ನಾಲಜಿ’ ಆ ಬೋರ್ಡಿನ ಮೇಲೂ ಇತ್ತು, ಗಮನಿಸಿ. ಅಂದರೆ ವೃತ್ತಿಶಿಕ್ಷಣ ಹೋಗಿ ‘ವ್ಯವಹಾರ ಮತ್ತು ತಂತ್ರಜ್ಞಾನ’ ಬಂತು, ಅದು ಹೋಗಿ ‘ತಂತ್ರಜ್ಞಾನದ ಹಾದಿಗಳು’ ಬಂತು. ಬಡಾವಣೆ ಅದೇ, ಮೆಟ್ಟಿಲು ಅವೇ, ಬೋರ್ಡು ಬರೆಯುವವನಿಗೆ ಮಾತ್ರ ಕೈತುಂಬ ಕೆಲಸ.

ರೋಬ್ಸನ್ ಶಾಲೆಯಲ್ಲಿ ಪದವಿ ಪಡೆಯುವವರ ಪ್ರಮಾಣ ಕುಸಿದಿತ್ತು. ಮೇಯರ್ ಬ್ಲೂಮ್‌ಬರ್ಗ್ ಆಡಳಿತದ ನೀತಿ ಸರಳ: ಕುಸಿದ ದೊಡ್ಡ ಶಾಲೆ ಮುಚ್ಚು, ಅದರ ಜಾಗದಲ್ಲಿ ಸಣ್ಣ ಶಾಲೆ ತೆರೆ. 2010ರ ಜನವರಿಯಲ್ಲಿ ನಗರದ ಶಿಕ್ಷಣ ನೀತಿ ಮಂಡಳಿ ಒಂದೇ ಸಭೆಯಲ್ಲಿ 19 ಶಾಲೆಗಳನ್ನು ಮುಚ್ಚಲು ಮತ ಹಾಕಿತು. ಪಟ್ಟಿಯಲ್ಲಿ ರೋಬ್ಸನ್ ಕೂಡ ಇತ್ತು. ಶಿಕ್ಷಕರ ಸಂಘವೂ ಕರಿಯರ ಹಕ್ಕುಗಳ ಹಳೆಯ ಸಂಸ್ಥೆ ಎನ್‌ಎಎಸಿಪಿಯೂ ನ್ಯಾಯಾಲಯಕ್ಕೆ ಹೋದವು. ಮುಚ್ಚಿದರೆ ಆ ಬಡಾವಣೆಗೆ ಏನಾಗುತ್ತದೆ ಅನ್ನುವ ಪರಿಣಾಮ ವರದಿಯನ್ನು ನೆಟ್ಟಗೆ ಬರೆದಿಲ್ಲ ಅಂತ ವಾದ. ನ್ಯಾಯಾಲಯ ಒಪ್ಪಿ ಮುಚ್ಚುವಿಕೆಯನ್ನು ತಡೆಯಿತು. ಇಲಾಖೆ ವರದಿ ತಿದ್ದಿ ಬರೆದು 2011ರ ಫೆಬ್ರವರಿಯಲ್ಲಿ ಮತ್ತೆ ಮತ ಹಾಕಿಸಿತು. ಈ ಸಲ ರೋಬ್ಸನ್ ಉಳಿಯಲಿಲ್ಲ.

ಆದರೆ ಅಲ್ಲಿ ಶಾಲೆ ಮುಚ್ಚುವುದೆಂದರೆ ನಾಳೆ ಬೀಗ ಅಂತಲ್ಲ. ಒಂಬತ್ತನೇ ತರಗತಿಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ, ಇದ್ದವರು ಮುಗಿಸುವ ತನಕ ವರ್ಷಕ್ಕೊಂದು ತರಗತಿ ಕರಗುತ್ತದೆ. ಹಾಗಾಗಿ ಮೂರು ವರ್ಷ ಒಂದೇ ಕಟ್ಟಡದಲ್ಲಿ ಎರಡು ಶಾಲೆ. ಒಂದು ಪ್ರತಿ ಜೂನ್‌ನಲ್ಲಿ ಕುಗ್ಗುತ್ತದೆ, ಇನ್ನೊಂದು ಪ್ರತಿ ಸೆಪ್ಟೆಂಬರಿನಲ್ಲಿ ಹಿಗ್ಗುತ್ತದೆ. ಯಾವ ಮಹಡಿ ಯಾರಿಗೆ, ಊಟದ ಹಾಲ್ ಎಷ್ಟು ಗಂಟೆಗೆ ಯಾರಿಗೆ, ಜಿಮ್ ಯಾರಿಗೆ? ಹೀಗೆ ಒಟ್ಟಿಗೆ ಇಟ್ಟ ಶಾಲೆಗಳಲ್ಲೆಲ್ಲ ಜಗಳ ಶುರುವಾಗುವುದು ಪಠ್ಯಕ್ರಮದಿಂದಲ್ಲ, ಊಟದ ಹಾಲಿನಿಂದ. ಹೊಸ ಶಾಲೆಗೆ ಹೊಸ ಕಂಪ್ಯೂಟರ್ ಬರುವುದನ್ನು ಹಳೆ ಶಾಲೆಯ ಹನ್ನೊಂದನೇ ತರಗತಿಯ ಹುಡುಗ ಅದೇ ಕಾರಿಡಾರಿನಲ್ಲಿ ನಿಂತು ನೋಡುತ್ತಾನೆ. ಆ ಹುಡುಗನ ಪರವಾಗಿ ಕೇಳಿದರೆ ಈ ಚರಿತ್ರೆಯ ಮೊದಲ ಅಧ್ಯಾಯವೇ ಬೇರೆ ಆಗುತ್ತದೆ. ನಮ್ಮಲ್ಲಿ ಕನ್ನಡ ಮಾಧ್ಯಮದ ವಿಭಾಗದ ಪಕ್ಕದಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದ ಸರ್ಕಾರಿ ಶಾಲೆಗಳ ಮುಖ್ಯಶಿಕ್ಷಕರು ಇಲ್ಲಿದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೈ ಕುಲುಕಿದವರ ವಿಷಯ. ಐಬಿಎಂ ಮುಖ್ಯಸ್ಥ ಸ್ಯಾಮ್ ಪಾಲ್ಮಿಸಾನೊ ಮತ್ತು ನಗರದ ಶಾಲಾ ಚಾನ್ಸಲರ್, ಅಂದರೆ ನಗರದ ಸರ್ಕಾರಿ ಶಾಲೆಗಳ ಮುಖ್ಯಸ್ಥ, ಜೋಯಲ್ ಕ್ಲೈನ್ ನಡುವಿನ ಮಾತುಕತೆಯಿಂದ ಯೋಜನೆ ಹುಟ್ಟಿತು. ಅದನ್ನು ಕಾಗದಕ್ಕೆ ಇಳಿಸಿದವರು ಐಬಿಎಂ ಫೌಂಡೇಶನ್‌ನ ಸ್ಟ್ಯಾನ್ಲಿ ಲಿಟೌ. ಅವರು ಹಿಂದೆ ಅದೇ ನಗರದ ಶಾಲೆಗಳ ಉಪ ಚಾನ್ಸಲರ್ ಆಗಿದ್ದವರು, ಇಲಾಖೆಯ ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದು ಗೊತ್ತಿತ್ತು. ಈಗ ಲೆಕ್ಕ ಹಾಕಿ. 2010ರ ಕೊನೆಗೆ ಕ್ಲೈನ್ ಹೊರಟರು. ಅವರ ಜಾಗಕ್ಕೆ ಬಂದ ಕ್ಯಾಥಿ ಬ್ಲ್ಯಾಕ್ ನೂರು ದಿನವೂ ತುಂಬದೆ ಏಪ್ರಿಲ್‌ನಲ್ಲಿ ಹೋದರು. ಆಮೇಲೆ ಡೆನಿಸ್ ವಾಲ್ಕಾಟ್. ಶಾಲೆಯ ಗಂಟೆ ಮೊದಲ ಸಲ ಬಾರಿಸುವಷ್ಟರಲ್ಲಿ ಮೂರನೇ ಚಾನ್ಸಲರ್! 2012ರ ಜನವರಿಗೆ ಪಾಲ್ಮಿಸಾನೊ ಸ್ಥಾನಕ್ಕೆ ಜಿನ್ನಿ ರೊಮೆಟ್ಟಿ ಬಂದರು. 2013ರಲ್ಲಿ ಕ್ಯೂನಿ ಚಾನ್ಸಲರ್ ಮ್ಯಾಥ್ಯೂ ಗೋಲ್ಡ್‌ಸ್ಟೀನ್ ನಿವೃತ್ತರಾದರು, ಅದೇ ವರ್ಷದ ಕೊನೆಗೆ ಮೇಯರೂ ಇಳಿದರು. ಫೋಟೊದಲ್ಲಿದ್ದವರೆಲ್ಲ ಹೋದ ಮೇಲೂ ಶಾಲೆ ನಿಂತಿತು. ಕಾರಣ ಇಷ್ಟೇ: ಸಿಟಿ ಟೆಕ್‌ನ ರಿಜಿಸ್ಟ್ರಾರ್ ಕಚೇರಿಯ ಕಡತದಲ್ಲಿ ಆ ಮಕ್ಕಳ ಹೆಸರು ಕಾಲೇಜು ವಿದ್ಯಾರ್ಥಿಗಳೆಂದೇ ದಾಖಲಾಗುತ್ತಿತ್ತು. ದೊಡ್ಡವರ ಸ್ನೇಹ ಹೋದರೆ ಹೋಗಲಿ, ಮಗುವಿನ ಐಡಿ ಸಂಖ್ಯೆ ಇರುತ್ತದೆ.

ಶಾಲೆ ನಡೆಸಿದ ಸ್ಥಾಪಕ ಪ್ರಾಂಶುಪಾಲರು ರಶೀದ್ ಡೇವಿಸ್. ಅದಕ್ಕೂ ಮುಂಚೆ ಬ್ರಾಂಕ್ಸ್‌ನ ಒಂದು ಎಂಜಿನಿಯರಿಂಗ್ ಹೈಸ್ಕೂಲ್ ನಡೆಸಿದ್ದವರು. ಮೊದಲ ವರ್ಷ ಸೇರಿದವರು ಸುಮಾರು ನೂರು ಮಕ್ಕಳು, ಬಹುಪಾಲು ಕರಿಯ ಮತ್ತು ಲ್ಯಾಟಿನೋ ಕುಟುಂಬಗಳವರು.

ಬಾಗಿಲಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ನ್ಯೂಯಾರ್ಕಿನಲ್ಲಿ ತಂತ್ರಜ್ಞಾನದ ಹೈಸ್ಕೂಲ್ ಹೊಸದೇನಲ್ಲ. ಬ್ರೂಕ್ಲಿನ್ ಟೆಕ್ 1922ರಿಂದ ಇದೆ. ಆದರೆ ಬ್ರೂಕ್ಲಿನ್ ಟೆಕ್, ಸ್ಟೈವಸೆಂಟ್, ಬ್ರಾಂಕ್ಸ್ ಸೈನ್ಸ್ ಮೂರಕ್ಕೂ ಒಂದೇ ಒಂದು ಲಿಖಿತ ಪರೀಕ್ಷೆಯ ಅಂಕವೇ ಪ್ರವೇಶ. 1971ರ ರಾಜ್ಯ ಕಾನೂನು ಅದನ್ನು ಗಟ್ಟಿ ಮಾಡಿತು. ಆ ಪರೀಕ್ಷೆಗೆ ಕೋಚಿಂಗ್ ಕ್ಲಾಸು, ಕೋಚಿಂಗಿಗೆ ಇನ್ನೊಂದು ಕೋಚಿಂಗು... ಜಯನಗರ, ರಾಜಾಜಿನಗರ, ಕೋಟಾ, ಎಲ್ಲ ಒಂದೇ. ಪಿ-ಟೆಕ್ ಬೇಕೆಂದೇ ಆ ದಾರಿ ಬಿಟ್ಟಿತು. ಅದರ ಪ್ರವೇಶದ ಬಗೆಗೆ ‘ಲಿಮಿಟೆಡ್ ಅನ್‌ಸ್ಕ್ರೀನ್ಡ್’ ಎಂದು ಹೆಸರಿತ್ತು. ಅಂಕ ನೋಡುತ್ತಿರಲಿಲ್ಲ, ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ. ಆದರೆ ಲಾಟರಿಗೆ ಮುಂಚೆ ಒಂದು ಸಣ್ಣ ಮೆಟ್ಟಿಲು: ಶಾಲೆಯ ಮಾಹಿತಿ ಸಭೆಗೆ ಅಥವಾ ಮೇಳಕ್ಕೆ ಬಂದು ಹೆಸರು ಬರೆಸಿದವರಿಗೆ ಆದ್ಯತೆ ಇತ್ತು. ಸಂಜೆ ಐದಕ್ಕೆ ಕೆಲಸ ಬಿಟ್ಟು ಸಭೆಗೆ ಬರಬಲ್ಲ ತಾಯಿ ಯಾರು, ಎರಡು ಶಿಫ್ಟ್ ಮಾಡಿ ಬರಲಾಗದ ತಾಯಿ ಯಾರು? ಆ ಒಂದು ಸಹಿಯ ಹಾಳೆಯೇ ಜರಡಿಯಾಗುತ್ತದೆ. ನಗರ ಮುಂದೆ ಆ ಪದ್ಧತಿಯನ್ನೇ ಕೈಬಿಟ್ಟಿತು. ನಿಮ್ಮಲ್ಲಿ ಯಾರಾದರೂ ‘ಪರೀಕ್ಷೆಯಿಲ್ಲದ ಪ್ರವೇಶ’ ಅಂತ ಪ್ರಕಟಿಸುವುದಾದರೆ, ಅರ್ಜಿ ಫಾರಂ ಎಲ್ಲಿ ಸಿಗುತ್ತದೆ, ಎಷ್ಟು ಗಂಟೆವರೆಗೆ ಸಿಗುತ್ತದೆ, ಯಾವ ಭಾಷೆಯಲ್ಲಿದೆ ಅನ್ನುವುದನ್ನು ಮೊದಲು ನೋಡಿ. ಆಯ್ಕೆ ಅಲ್ಲೇ ನಡೆದುಹೋಗಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಇದ್ದವರು ಬರೆದುಕೊಳ್ಳಿ. ಅಸಲು ಕಷ್ಟ ಇರುವುದು ಇಲ್ಲಿ.

ನ್ಯೂಯಾರ್ಕ್ ರಾಜ್ಯದ ಹೈಸ್ಕೂಲ್ ಡಿಪ್ಲೊಮಾಕ್ಕೆ 44 ಶಾಲಾ ಕ್ರೆಡಿಟ್ ಬೇಕು, ಜೊತೆಗೆ ರೀಜೆಂಟ್ಸ್ ಎಂಬ ರಾಜ್ಯ ಪರೀಕ್ಷೆ ಐದು, ಪ್ರತಿಯೊಂದರಲ್ಲೂ 65 ಅಂಕ. ಅಸೋಸಿಯೇಟ್ ಪದವಿಗೆ ಸುಮಾರು 60 ಕಾಲೇಜು ಕ್ರೆಡಿಟ್. ಎರಡೂ ಬೇರೆ ನಾಣ್ಯ, ಒಂದನ್ನು ಕೊಟ್ಟು ಇನ್ನೊಂದು ಪಡೆಯಲಾಗದು. ಕಾಲೇಜಿನ ಒಂದು ಕ್ರೆಡಿಟ್ ಅಂದರೆ ಹದಿನೈದು ವಾರ, ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು. ಮೂರು ಕ್ರೆಡಿಟ್‌ನ ಒಂದು ಕೋರ್ಸಿಗೆ 45 ಗಂಟೆ ಪಾಠ, 90 ಗಂಟೆ ಮನೆಗೆಲಸ. ಅಂಥವು ಇಪ್ಪತ್ತು ಕೋರ್ಸು ಮುಗಿಸಬೇಕು.

ಆರು ವರ್ಷಕ್ಕೆ ಹನ್ನೆರಡು ಸೆಮಿಸ್ಟರ್. ಹತ್ತನೇ ತರಗತಿಯ ಎರಡನೇ ಅರ್ಧದಲ್ಲಿ ಕಾಲೇಜು ಕೋರ್ಸು ಶುರುಮಾಡಿದರೆ ಒಂಬತ್ತು ಸೆಮಿಸ್ಟರ್ ಸಿಗುತ್ತದೆ, ಸೆಮಿಸ್ಟರಿಗೆ ಎರಡು ಕೋರ್ಸು, ಎರಡು ಸಲ ಮೂರು. ಎಳೆಯಬಹುದು. ಹದಿಮೂರನೆಯದಕ್ಕೇ ಶುರು ಅಂದರೆ ನಾಲ್ಕು ಸೆಮಿಸ್ಟರಿಗೆ ತಲಾ ಐದು. ಅದು ಮಾಮೂಲಿ ಕಾಲೇಜಾಯಿತು, ಹೊಸ ಶಾಲೆ ಯಾಕೆ ಬೇಕು? ಹಾಗಂತ ಒಂಬತ್ತನೇ ತರಗತಿಯ ಬೇಸಿಗೆಗೇ ಶುರುಮಾಡಿದರೆ ಹದಿನಾಲ್ಕು ವರ್ಷದ ಮಗು ಕಾಲೇಜು ಕೋಣೆಯಲ್ಲಿ ಕೂರುತ್ತದೆ. ಈ ಆತುರವೇ ಮೊದಲ ದೊಡ್ಡ ಪೆಟ್ಟು ಕೊಟ್ಟಿದ್ದು.

ಕಾಲೇಜು ಕೋಣೆಯೊಳಗೆ ಹೋಗಲು ಕ್ಯೂನಿಯದೇ ಒಂದು ಹೊಸ್ತಿಲಿತ್ತು. ಆಗಿನ ನಿಯಮದಂತೆ ರೀಜೆಂಟ್ಸ್‌ನಲ್ಲಿ ಇಂಗ್ಲಿಷಿಗೆ 75, ಗಣಿತಕ್ಕೆ 80 ಬಂದಿರಬೇಕು, ಇಲ್ಲವೇ ವಿಶ್ವವಿದ್ಯಾಲಯದ ಸ್ವಂತ ಪರೀಕ್ಷೆ ಪಾಸಾಗಬೇಕು. ಶಾಲೆಯ ಪಾಸು 65, ಕಾಲೇಜಿನ ಹೊಸ್ತಿಲು 75 ಮತ್ತು 80. ಈ ಹತ್ತು ಹದಿನೈದು ಅಂಕದ ಕಂದಕದಲ್ಲಿ ಬಿದ್ದ ಮಕ್ಕಳು ಎಷ್ಟು! ಅದನ್ನು ದಾಟಿಸಲು ಮೊದಲ ವರ್ಷ ಇಂಗ್ಲಿಷ್, ಗಣಿತಕ್ಕೆ ಹೆಚ್ಚುವರಿ ಪೀರಿಯಡ್, ಉದ್ದನೆಯ ಶಾಲಾ ದಿನ, ಬೇಸಿಗೆ ತರಗತಿ. ಪಿ-ಟೆಕ್‌ನ ಪವಾಡ ಅಂತ ಯಾರಾದರೂ ಹೇಳಿದರೆ ಅವರಿಗೆ ಒಂಬತ್ತನೇ ತರಗತಿಯ ವೇಳಾಪಟ್ಟಿ ತೋರಿಸಿ. ಅದರಲ್ಲಿ ಪವಾಡವಿಲ್ಲ, ಗಣಿತವಿದೆ.

ಹೊಸ್ತಿಲು ದಾಟಿದವರಿಗೆ ಏನಾಯಿತು? 2016ರ ಹೊತ್ತಿಗೆ ವರದಿಗಳು ಬಂದವು: ಕಾಲೇಜು ಕೋರ್ಸುಗಳಲ್ಲಿ ಡಿ, ಎಫ್ ಗ್ರೇಡು ಪಡೆದ ಮಕ್ಕಳು ಕಡಿಮೆಯೇನಿಲ್ಲ, ತಯಾರಾಗದವರನ್ನೂ ಕಳಿಸಿದ್ದರು ಅಂತ. ಇಲ್ಲಿ ಮತ್ತೆ ನನ್ನ ಪ್ರಶ್ನೆ. ಶಾಲೆಯ ಪರೀಕ್ಷೆಯಲ್ಲಿ ಫೇಲಾದರೆ ಬೇಸಿಗೆಯಲ್ಲಿ ಮತ್ತೆ ಬರೆಯುತ್ತಾನೆ, ಮರೆತುಹೋಗುತ್ತದೆ. ರಿಜಿಸ್ಟ್ರಾರ್ ಸಹಿ ಮಾಡಿದ ಅಂಕಪಟ್ಟಿಯಲ್ಲಿ ಎಫ್ ಬಿದ್ದರೆ ಅದು ಶಾಶ್ವತ. ಕ್ಯೂನಿಯಲ್ಲಿ ಅದೇ ಕೋರ್ಸನ್ನು ಮತ್ತೆ ತೆಗೆದುಕೊಂಡು ಸಿ ಅಥವಾ ಮೇಲಿನ ಗ್ರೇಡು ಬಂದರೆ ಹಳೆಯ ಎಫ್ ಸರಾಸರಿಯ ಲೆಕ್ಕದಿಂದ ಹೋಗುತ್ತದೆ, ಅದೂ ಒಟ್ಟು 16 ಕ್ರೆಡಿಟ್‌ವರೆಗೆ ಮಾತ್ರ. ಅಂಕಪಟ್ಟಿಯ ಮೇಲಿಂದ ಅಳಿಯುವುದಿಲ್ಲ. ಪದವಿಗೆ ಗ್ರೇಡುಗಳ ಸರಾಸರಿ ನಾಲ್ಕಕ್ಕೆ 2.0 ಬೇಕು. ಹದಿನೈದನೇ ವಯಸ್ಸಿನ ಎರಡು ಎಫ್, ಇಪ್ಪತ್ತನೇ ವಯಸ್ಸಿನ ವಿದ್ಯಾರ್ಥಿವೇತನವನ್ನು ತಿನ್ನಬಹುದು. ನಿಜವಾದ ಸಹಿಗೆ ಬೆಲೆ ಇರುವುದರಿಂದಲೇ ಅದರ ಪೆಟ್ಟೂ ನಿಜವಾದದ್ದು. ಫ್ಲೆಕ್ಸ್ ಸಹಯೋಗದಲ್ಲಿ ಯಾರೂ ಫೇಲಾಗುವುದಿಲ್ಲ, ಗಮನಿಸಿದ್ದೀರಾ?

ತಡೆಯುವುದು ಹೇಗೆ ಅನ್ನುವುದನ್ನು ಒಪ್ಪಂದದಲ್ಲೇ ಬರೆಯಬೇಕು. ಹದಿನೈದು ವಾರದ ಸೆಮಿಸ್ಟರಿನಲ್ಲಿ ಸುಮಾರು ಹತ್ತನೇ ವಾರದವರೆಗೆ ಕೋರ್ಸಿನಿಂದ ಹಿಂದೆ ಸರಿಯಬಹುದು. ಆಗ ಡಬ್ಲ್ಯು ಅಂತ ಬೀಳುತ್ತದೆ, ಸರಾಸರಿಗೆ ಹೊಡೆತವಿಲ್ಲ. ಆದರೆ ತೆಗೆದುಕೊಂಡ ಕ್ರೆಡಿಟ್ ಎಷ್ಟು, ಮುಗಿಸಿದ್ದು ಎಷ್ಟು ಅನ್ನುವ ಲೆಕ್ಕದಲ್ಲಿ ಅದೂ ಸೇರುತ್ತದೆ. ಹತ್ತನೇ ವಾರಕ್ಕೆ ಮುಂಚೆ ಮಗು ಮುಳುಗುತ್ತಿದೆ ಅಂತ ಶಾಲೆಗೆ ಗೊತ್ತಾಗಬೇಕಲ್ಲ? ಅಮೆರಿಕದ ಕಾನೂನಿನಲ್ಲಿ ಕಾಲೇಜು ದಾಖಲೆಯ ಹಕ್ಕು ವಿದ್ಯಾರ್ಥಿಯದು. ವಯಸ್ಸು ಹದಿನೈದಾದರೂ ಸರಿ, ಅಪ್ಪ ಹೋಗಿ ಪ್ರೊಫೆಸರನ್ನು ‘ನಮ್ಮ ಹುಡುಗ ಹೇಗೆ ಓದುತ್ತಾನೆ ಸಾರ್’ ಅಂತ ಕೇಳುವ ಹಾಗಿಲ್ಲ. ಎರಡು ಸಂಸ್ಥೆಗಳು ಪರಸ್ಪರ ಮಾಹಿತಿ ಹಂಚಿಕೊಳ್ಳಬಹುದು, ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಆದ್ದರಿಂದ ನಾಲ್ಕನೇ ವಾರಕ್ಕೊಂದು, ಎಂಟನೇ ವಾರಕ್ಕೊಂದು ಪ್ರಗತಿ ವರದಿ ಬರಬೇಕು, ಅದನ್ನು ಕಳಿಸುವವರ ಹುದ್ದೆ ಯಾವುದು, ಪಡೆಯುವವರು ಯಾರು ಅನ್ನುವುದೆಲ್ಲ ಕಾಗದದ ಮೇಲಿರಬೇಕು. ಕಾಲೇಜು ಕೋರ್ಸು ಇರುವ ದಿನವೇ ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಆಸರೆಯ ಪೀರಿಯಡ್ ಇಟ್ಟು, ಶಾಲೆಯ ಶಿಕ್ಷಕರೊಬ್ಬರನ್ನು ಅದಕ್ಕೆ ಕೂರಿಸಬೇಕು. ತೊಂಬತ್ತು ಗಂಟೆಯ ಮನೆಗೆಲಸವನ್ನು, ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯ ಮಗು ಎಲ್ಲಿ ಕೂತು ಮಾಡೀತು?

ಪಾಠ ಮಾಡುವವರು ಯಾರು ಅನ್ನುವುದೂ ಸಹಿಯ ಪ್ರಶ್ನೆಯೇ. ಪ್ರೊಫೆಸರ್ ಶಾಲೆಗೆ ಬರಬಹುದು, ಮಕ್ಕಳು ಕಾಲೇಜಿಗೆ ಹೋಗಬಹುದು, ಅಥವಾ ಶಾಲೆಯ ಶಿಕ್ಷಕರನ್ನೇ ಕಾಲೇಜಿನ ವಿಭಾಗದ ಮುಖ್ಯಸ್ಥರು ಅರ್ಹತೆ ನೋಡಿ ಅರೆಕಾಲಿಕ ಬೋಧಕರೆಂದು ಒಪ್ಪಬಹುದು. ಮೂರನೆಯದು ಅಗ್ಗ, ಮೂರನೆಯದರಲ್ಲೇ ಗ್ರೇಡು ಸಡಿಲವಾಗುವ ಅಪಾಯವೂ ಹೆಚ್ಚು. ಕಾಲೇಜಿಗೆ ಹೋಗುವುದಾದರೆ ಕ್ರೌನ್ ಹೈಟ್ಸ್‌ನಿಂದ ಜೇ ಸ್ಟ್ರೀಟಿನ ಸಿಟಿ ಟೆಕ್‌ಗೆ ಸಿ ಟ್ರೇನು ನೇರ. ಆದರೆ ಕಾಲೇಜಿನ ಸೆಮಿಸ್ಟರ್ ಆಗಸ್ಟ್ ಕೊನೆಗೆ ಶುರು, ನಗರದ ಶಾಲೆ ಸೆಪ್ಟೆಂಬರ್ ಮೊದಲ ಸೋಮವಾರದ ರಜೆ ಮುಗಿದ ಮೇಲೆ. ಮೊದಲ ವಾರವೇ ಮಕ್ಕಳು ಗೈರು! ಜನವರಿಯಲ್ಲಿ ಕಾಲೇಜಿಗೆ ರಜೆ ಇದ್ದಾಗ ಶಾಲೆಯಲ್ಲಿ ರೀಜೆಂಟ್ಸ್ ಪರೀಕ್ಷೆ. ಎರಡು ಕ್ಯಾಲೆಂಡರನ್ನು ಪಕ್ಕಪಕ್ಕ ಇಟ್ಟು ಗೆರೆ ಎಳೆಯುವ ಕೆಲಸಕ್ಕೇ ಒಬ್ಬ ಮನುಷ್ಯ ಬೇಕು.

ಇನ್ನೊಂದು ಗಂಟು, ಇದು ನಮಗೆ ಹತ್ತಿರದ್ದು. ಸಿಟಿ ಟೆಕ್ ಕೊಡುವುದು ‘ಅಪ್ಲೈಡ್ ಸೈನ್ಸ್’ ಬಗೆಯ ಅಸೋಸಿಯೇಟ್ ಪದವಿ. ನ್ಯೂಯಾರ್ಕ್ ರಾಜ್ಯದ ನಿಯಮದಲ್ಲಿ ಇದಕ್ಕೆ ಭಾಷೆ, ಗಣಿತ, ವಿಜ್ಞಾನ, ಸಮಾಜ ಇತ್ಯಾದಿ ಸಾಮಾನ್ಯ ವಿಷಯ ಮೂರನೇ ಒಂದು ಭಾಗ, ಅಂದರೆ 20 ಕ್ರೆಡಿಟ್ ಇದ್ದರೆ ಸಾಕು. ಮುಂದೆ ಓದುವವರಿಗಾಗಿಯೇ ಇರುವ ಪದವಿಯಲ್ಲಿ ಅದು ಅರ್ಧ ಅಥವಾ ಮುಕ್ಕಾಲು. ಕೆಲಸಕ್ಕೆ ಹೋಗುವವನಿಗೆ ಮೊದಲನೆಯದು ಚೆನ್ನ. ನಾಲ್ಕು ವರ್ಷದ ಪದವಿಗೆ ಹೊರಟವನಿಗೆ ಕೆಲವು ಕ್ರೆಡಿಟ್ ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ಡಿಸೆಟ್ ಎಂಬ ಪ್ರವೇಶ ಪರೀಕ್ಷೆ ಬರೆದು ನೇರ ಬಿಇ ಎರಡನೇ ವರ್ಷ. ಕೋರ್ಸು ಕೋರ್ಸಿಗೂ ಚೌಕಾಸಿ ಇಲ್ಲ, ಸರ್ಕಾರಿ ನಿಯಮವೇ ಬಾಗಿಲು ತೆರೆದಿದೆ. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೇವೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಆದರೆ ಬಾಗಿಲು ದಾಟಿದ ಡಿಪ್ಲೊಮಾ ಹುಡುಗ ಎಲ್ಲಿ ಎಡವುತ್ತಾನೆ ಅಂತ ವಿಟಿಯು ಕಾಲೇಜಿನವರನ್ನು ಕೇಳಿ. ಮ್ಯಾಟ್‌ಡಿಪ್, ಡಿಪ್ಲೊಮಾದಿಂದ ಬಂದವರಿಗೆ ಇಟ್ಟ ಹೆಚ್ಚುವರಿ ಗಣಿತ! (ನಗು) ಹೌದು, ನಗುತ್ತಿರುವವರೆಲ್ಲ ಅದನ್ನು ಪಾಠ ಮಾಡಿದವರು ಅಥವಾ ಬರೆದವರು. ಬ್ರೂಕ್ಲಿನ್‌ನಲ್ಲೂ ಬೆಂಗಳೂರಿನಲ್ಲೂ ಎಡವುವ ಕಲ್ಲು ಒಂದೇ, ಗಣಿತ. ಅವರು ಅದನ್ನು ಒಂಬತ್ತನೇ ತರಗತಿಯಲ್ಲಿ ಹಿಡಿಯಲು ಹೋದರು. ನಾವು ಮೂರನೇ ಸೆಮಿಸ್ಟರಿನಲ್ಲಿ ಹಿಡಿಯುತ್ತೇವೆ.

ಸಂಘಟಕರು ಒಂದು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷವಂತೆ. ಐಬಿಎಂ ಪಾತ್ರದ ಬಗ್ಗೆ ಬರೆದುಕೊಂಡಿದ್ದ ನಾಲ್ಕು ಪುಟ ಒಂದಾಗಬೇಕು.

ಐಬಿಎಂ ಮಾಡಿದ್ದು ನಾಲ್ಕು ಕೆಲಸ. ತನ್ನ ಆರಂಭದ ಹಂತದ ಕೆಲಸಗಳಿಗೆ ಏನೇನು ಕೌಶಲ ಬೇಕು ಅಂತ ಪಟ್ಟಿ ಮಾಡಿ, ಅಲ್ಲಿಂದ ಹಿಂದಕ್ಕೆ ಒಂಬತ್ತನೇ ತರಗತಿವರೆಗೆ ಪಠ್ಯಕ್ಕೆ ಹೊಂದಿಸಿತು. ಮಕ್ಕಳಿಗೆ ತನ್ನ ಉದ್ಯೋಗಿಗಳನ್ನು ಮಾರ್ಗದರ್ಶಕರನ್ನಾಗಿ ಕೊಟ್ಟಿತು. ಸಂಬಳದ ಬೇಸಿಗೆ ಇಂಟರ್ನ್‌ಶಿಪ್ ಕೊಟ್ಟಿತು. ಪದವಿ ಮುಗಿಸಿದವರನ್ನು ಸಂದರ್ಶನದ ಸಾಲಿನಲ್ಲಿ ಮುಂದೆ ನಿಲ್ಲಿಸುತ್ತೇನೆ ಅಂದಿತು. ಕೆಲಸ ಖಾತ್ರಿ ಅಂತ ಹೇಳಲಿಲ್ಲ, ಪತ್ರಿಕೆಗಳು ಹಾಗೆ ಬರೆದವು. ಇದೆಲ್ಲದಕ್ಕಿಂತ ಉಪಯೋಗಕ್ಕೆ ಬಂದದ್ದು ಶಾಲೆಗೇ ಪೂರ್ಣಾವಧಿಗೆ ಬಿಟ್ಟುಕೊಟ್ಟ ಒಬ್ಬ ಸಂಪರ್ಕಾಧಿಕಾರಿ. ವರ್ಷಕ್ಕೊಂದು ಸಲ ಟೀ ಶರ್ಟ್ ಹಾಕಿಕೊಂಡು ಬಂದು ಗೋಡೆಗೆ ಬಣ್ಣ ಬಳಿದು ಹೋಗುವ ಸಿಎಸ್‌ಆರ್‌ಗೂ, ಅಂದರೆ ಕಂಪನಿಗಳ ಸಮಾಜಸೇವೆಗೂ, ಇದಕ್ಕೂ ವ್ಯತ್ಯಾಸ ಇದೇ.

ಒಬಾಮಾ ಕಥೆ ಹೇಳದೆ ಇಳಿದರೆ ನೀವು ಬಿಡುವುದಿಲ್ಲ. 2013ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಮಾಡುವ ವಾರ್ಷಿಕ ಭಾಷಣದಲ್ಲಿ ಪಿ-ಟೆಕ್ ಹೆಸರು ಹೇಳಿದರು. ಅದೇ ವರ್ಷ ಅಕ್ಟೋಬರ್ 25ಕ್ಕೆ ಶಾಲೆಗೇ ಬಂದರು. ಗಣಿತದ ತರಗತಿಯಲ್ಲಿ ಕೂತರು, ಭಾಷಣ ಮಾಡಿದರು, ವಾಪಸು ಹೋಗುವಾಗ ಮೇಯರ್ ಚುನಾವಣೆಗೆ ನಿಂತಿದ್ದ ಬಿಲ್ ಡಿ ಬ್ಲಾಸಿಯೊ ಜೊತೆ ಜೂನಿಯರ್ಸ್ ಹೋಟೆಲಿನಲ್ಲಿ ಚೀಸ್‌ಕೇಕ್ ಕಟ್ಟಿಸಿಕೊಂಡರು. ಎಲ್ಲ ಸರಿ. ಆ ದಿನ ಶಾಲೆಯ ಅತಿ ಹಿರಿಯ ವಿದ್ಯಾರ್ಥಿ ಹನ್ನೊಂದನೇ ತರಗತಿಯಲ್ಲಿದ್ದ. ಒಬ್ಬನಿಗೂ ಎರಡೂ ಪದವಿ ಬಂದಿರಲಿಲ್ಲ. 2012ರಲ್ಲೇ ಷಿಕಾಗೋದಲ್ಲಿ ಇದೇ ಮಾದರಿಯ ಶಾಲೆಗಳು ತೆರೆದಿದ್ದವು, 2013ರಲ್ಲಿ ಗವರ್ನರ್ ಕ್ಯೂಮೊ ರಾಜ್ಯವಿಡೀ ಹದಿನಾರು ಘೋಷಿಸಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತೇವಲ್ಲ, ಇಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿಯ ಕಾರ್ಖಾನೆ. ಮೊದಲ ಫಲ ಬಂದದ್ದು 2015ರ ಜೂನ್‌ನಲ್ಲಿ: ಆರು ಮಕ್ಕಳು ಆರು ವರ್ಷದ್ದನ್ನು ನಾಲ್ಕರಲ್ಲಿ ಮುಗಿಸಿದರು. ಸಾಧನೆ ಹೌದು. ನೂರರಲ್ಲಿ ಆರು, ಅದೂ ಹೌದು. ಆರು ವರ್ಷ ಯಾಕೆ ಇಟ್ಟಿದ್ದಾರೆ ಅನ್ನುವುದು ಆ ಉಳಿದವರಿಗಾಗಿ.

ಅದರ ಮುಂದಿನ ಶಾಲೆಗಳ ಹೆಸರು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಕ್ವೀನ್ಸ್‌ನ ಎನರ್ಜಿ ಟೆಕ್, ಅದಕ್ಕೆ ಲಾಗ್ವಾರ್ಡಿಯಾ ಕಾಲೇಜು ಮತ್ತು ವಿದ್ಯುತ್ ಕಂಪನಿ ಕಾನ್ ಎಡಿಸನ್. ಬ್ರಾಂಕ್ಸ್‌ನ ಹೀರೊ ಹೈ, ಅದಕ್ಕೆ ಕ್ಯೂನಿಯದೇ ಹಾಸ್ಟೋಸ್ ಕಾಲೇಜು ಮತ್ತು ಮಾಂಟಿಫಿಯೋರ್ ಆಸ್ಪತ್ರೆ. ಬಿಟೆಕ್ ಅಂತ ಇನ್ನೊಂದು, ನಮ್ಮ ಬಿ.ಟೆಕ್ ಅಲ್ಲ, ಅದಕ್ಕೆ ಸ್ಯಾಪ್ ಕಂಪನಿ. ಕಂಪನಿ ಬದಲಾಗುತ್ತದೆ, ಕ್ಯೂನಿ ಬದಲಾಗುವುದಿಲ್ಲ.

ಫಲಿತಾಂಶ ನಿಜವೇ ಅಂತ ನೋಡಿದವರು ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯವರು. ನ್ಯೂಯಾರ್ಕ್ ನಗರದ ಏಳು ಶಾಲೆ ತೆಗೆದುಕೊಂಡರು. ಲಾಟರಿ ಇದ್ದದ್ದು ಇಲ್ಲಿ ಕೈಹಿಡಿಯಿತು. ಲಾಟರಿಯಲ್ಲಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದರೆ ‘ಜಾಣರನ್ನೇ ತೆಗೆದುಕೊಂಡಿದ್ದೀರಿ’ ಅನ್ನುವ ಆಕ್ಷೇಪ ನಿಲ್ಲುವುದಿಲ್ಲ. 2020ರ ವರದಿಯ ಪ್ರಕಾರ ಹತ್ತನೇ ತರಗತಿ ಮುಗಿಯುವಾಗ ಕ್ಯೂನಿ ಪ್ರವೇಶಕ್ಕೆ ಬೇಕಾದ ಅಂಕದೊಡನೆ ಇಂಗ್ಲಿಷ್ ರೀಜೆಂಟ್ಸ್ ಪಾಸಾದವರು ಈ ಶಾಲೆಗಳಲ್ಲಿ ನೂರಕ್ಕೆ 42, ಬೇರೆ ಶಾಲೆಗೆ ಹೋದವರಲ್ಲಿ 25. ಇದು ಇಂಗ್ಲಿಷಿನ ಅಂಕಿ, ಗಣಿತದ್ದಲ್ಲ. ಉಲ್ಲೇಖಿಸುವವರು ದಯವಿಟ್ಟು ಬೆರೆಸಬೇಡಿ.

ಎರಡನೇ ಚೀಟಿಯೂ ಬಂತು. ಶಿಕ್ಷಕರ ಸಂಘದ ಒಪ್ಪಂದ, ಉದ್ದನೆಯ ದಿನಕ್ಕೆ ಹೆಚ್ಚುವರಿ ವೇತನ, ಆಸ್ಟ್ರೇಲಿಯಾದ ಪ್ರಯೋಗ ಇವೆಲ್ಲ ಬಿಟ್ಟೆ. ದುಡ್ಡಿನ ಪ್ರಶ್ನೆ ಹೇಗೂ ಸಭೆಯಿಂದ ಬರುತ್ತದೆ, ಅದನ್ನು ನಾನೇ ಎತ್ತಿಬಿಡುತ್ತೇನೆ. ಅಲ್ಲಿ ಬಡ ವಿದ್ಯಾರ್ಥಿಗೆ ಕಾಲೇಜು ಶುಲ್ಕ ಭರಿಸುವುದು ಪೆಲ್ ಎಂಬ ಕೇಂದ್ರ ಸರ್ಕಾರದ ಅನುದಾನ. ಆದರೆ ಇನ್ನೂ ಹೈಸ್ಕೂಲಿನಲ್ಲಿ ದಾಖಲಾಗಿರುವವರಿಗೆ ಅದು ಸಿಗುವುದಿಲ್ಲ. 2016ರಲ್ಲಿ ಕೆಲವು ಕಾಲೇಜುಗಳಿಗೆ ಪ್ರಯೋಗವಾಗಿ ಸಡಿಲಿಸಿದ್ದು ಬಿಟ್ಟರೆ ನಿಯಮ ಹಾಗೇ ಇತ್ತು. ಅಂದರೆ ಮಗು ಎರಡೂ ಕಡೆ ದಾಖಲಾಗಿರುವಷ್ಟು ಕಾಲ ಕಾಲೇಜು ಕೋರ್ಸಿನ ಖರ್ಚು ನಗರ, ರಾಜ್ಯ, ವಿಶ್ವವಿದ್ಯಾಲಯ ಇವರಲ್ಲಿ ಯಾರಾದರೂ ಹೊರಬೇಕು. ಪಠ್ಯಪುಸ್ತಕ ಒಂದೊಂದು ನೂರು ಡಾಲರ್ ದಾಟುತ್ತದೆ, ಅದೂ ಸೇರಿ. ನಿಮ್ಮ ಒಡಂಬಡಿಕೆಯ ಕರಡು ಇದ್ದರೆ ಅದರಲ್ಲಿ ಪುಸ್ತಕದ ಖರ್ಚಿಗೆ, ಬಸ್ ಪಾಸಿಗೆ, ಫೇಲಾದವನು ಮತ್ತೆ ಕೋರ್ಸು ತೆಗೆದುಕೊಂಡರೆ ಅದರ ಶುಲ್ಕಕ್ಕೆ ಯಾವ ಸಾಲಿನಲ್ಲಿ ಯಾರ ಹೆಸರಿದೆ ನೋಡಿ. ಹೆಸರಿಲ್ಲದಿದ್ದರೆ ಆ ಹೆಸರು ಅವನ ಅಪ್ಪನದು.

ಮೂರನೇ ಸಾಲಿನಲ್ಲಿ ಆಗಿನಿಂದ ಕೈ ಎತ್ತಿದ್ದಾರೆ, ಪಾಲಿಟೆಕ್ನಿಕ್‌ನ ಮೇಡಂ ಇರಬೇಕು. ಮೈಕ್ ಅವರಿಗೆ ಕೊಡಿ, ಮೊದಲು ಅವರು ಕೇಳಲಿ.